ಗಾಲ್ಫ್ ಆಟದಲ್ಲಿ ಅಭ್ಯಾಸದ ಕ್ರಮ

ಮಿಕ್ಕ ಆಟಗಳಲ್ಲಿ ಎಣಿಕೆ ಏರಿದಷ್ಟೂ ಗೆಲುವು. ಗಾಲ್ಫಿನಲ್ಲಿ ಇಳಿದಷ್ಟೂ ಗೆಲುವು. ಹದಿನೆಂಟು ಕುಳಿಗಳಿಗೆ ಚೆಂಡನ್ನು ಸೇರಿಸಲು ಯಾರಿಗೆ ಅತಿ ಕಡಮೆ ಹೊಡೆತಗಳು ಸಾಕಾಗುವುವೋ ಅವರೇ ಜಯಶಾಲಿಗಳು. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದುದರಿಂದ, ಈ ಆಟವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಆದರೂ ವರ್ಷಗಟ್ಟಲೆ ಆಡಿಯೂ ತಮ್ಮ ಎಣಿಕೆ ಇಳಿಯಲಿಲ್ಲವೆಂದು ಕೊರಗುವವರುಂಟು. ಇವರಲ್ಲಿ ಬಹುಮಂದಿಗೆ ಶ್ರದ್ಧೆಯ ಕೊರತೆಯಿಲ್ಲ. ಅಭ್ಯಾಸದಲ್ಲಿ ಕ್ರಮವಿಲ್ಲ, ಅಷ್ಟೆ.

ಸಾಮಾನ್ಯವಾಗಿ ನಡೆಯುವ ಅಭ್ಯಾಸವನ್ನು ನೋಡಿರಿ. ಆಟಗಾರನು ಬುಟ್ಟಿ ತುಂಬ ಚೆಂಡುಗಳನ್ನು ತರಿಸಿ, ಒಂದೇ ಕೋಲಿನಿಂದ, ಒಂದೇ ದಿಕ್ಕಿಗೆ, ಒಂದರ ಹಿಂದೊಂದರಂತೆ ಹೊಡೆಯುತ್ತಾನೆ. ಹತ್ತನೆಯ ಚೆಂಡಿನ ವೇಳೆಗೆ ಹೊಡೆತ ಕುದುರುತ್ತದೆ; ತೃಪ್ತಿಯಿಂದ ಮನೆಗೆ ಹೋಗುತ್ತಾನೆ. ಮರುದಿನ ಆಟದಲ್ಲಿ ಆ ನೈಪುಣ್ಯ ಕಾಣದು. ಆಟದಲ್ಲಿ ಅದೇ ಹೊಡೆತ ಒಡನೊಡನೆ ಮರಳಿ ಬರುವುದು ಅಪರೂಪವಷ್ಟೆ! 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಯ ಚಲನೆಗಳನ್ನು ಕಲಿಸಿ ಪರೀಕ್ಷಿಸಿದಾಗ, ಬೇರೆ ಬೇರೆ ಚಲನೆಗಳನ್ನು ಬೆರೆಸಿ ಕಲಿತವರು ಮೊದಲಿಗೆ ಎಡವಿದರೂ, ಕಲಿತದ್ದನ್ನು ಹೆಚ್ಚು ಕಾಲ ಉಳಿಸಿಕೊಂಡರು. ಆದುದರಿಂದ ಪ್ರತಿ ಚೆಂಡಿಗೂ ಕೋಲನ್ನೂ ಗುರಿಯನ್ನೂ ಬದಲಾಯಿಸಿ ಹೊಡೆಯುವುದು ಮೇಲು.

ಇನ್ನು, ಯಾವ ಹೊಡೆತವನ್ನು ಅಭ್ಯಾಸ ಮಾಡಬೇಕು? ಇನ್ನೂರು ಗಜದ ಹೊಡೆತವೂ ಒಂದೇ ಎಣಿಕೆ, ಎರಡಂಗುಲದ ಪಟ್ಟೂ ಒಂದೇ ಎಣಿಕೆ. ನಿಪುಣನಿಗೆ 72 ಹೊಡೆತಗಳೆಂದು ಗೊತ್ತುಮಾಡಿರುವ ಬಯಲಿನಲ್ಲಿ, ಗ್ರೀನೊಂದಕ್ಕೆ ಎರಡರಂತೆ 36 ಹೊಡೆತಗಳನ್ನು ಪಟ್ಟುಗಳಿಗೇ ಬಿಟ್ಟಿದೆ. ಕುಳಿಯ ಅಗಲವೋ ನಾಲ್ಕೂಕಾಲು ಅಂಗುಲ ಮಾತ್ರ. ಅಮೆರಿಕದ ವೃತ್ತಿಪರ ಆಟಗಾರರು ಕೂಡ ಎಂಟು ಅಡಿಯ ಪಟ್ಟನ್ನು ಸುಮಾರು ಅರ್ಧದಷ್ಟು ಸಲ ತಪ್ಪುತ್ತಾರೆ. ಮೂರು ಅಡಿಯದನ್ನು ತಪ್ಪುವುದು ವಿರಳ. ಹಾಗಾಗಿ ದೂರದ ಪಟ್ಟಿನಲ್ಲಿ ಚೆಂಡನ್ನು ಕುಳಿಯ ಮೂರಡಿಯೊಳಗೆ ನಿಲ್ಲಿಸುವುದನ್ನೂ, ಬಳಿಕ ಮೂರಡಿಯ ಪಟ್ಟುಗಳನ್ನು ಸಾಲಾಗಿ ಹತ್ತು ಸಲ ತಪ್ಪದೆ ಹಾಕುವುದನ್ನೂ ರೂಢಿಸಬೇಕು. ನಡುವೆ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು.

ಹಾಗೆಂದು ಪಟ್ಟಿನಿಂದಲೇ ಸರ್ವವೂ ಸಿದ್ಧಿಸುವುದೆಂದು ಭಾವಿಸಬಾರದು. ಕೊಲಂಬಿಯ ವಿಶ್ವವಿದ್ಯಾನಿಲಯದ ಮಾರ್ಕ್ ಬ್ರಾಡಿಯವರು 2014ರ ತಮ್ಮ ಗ್ರಂಥದಲ್ಲಿ, ಉತ್ತಮರಿಗೂ ಸಾಮಾನ್ಯರಿಗೂ ಇರುವ ಅಂತರದಲ್ಲಿ ಸುಮಾರು ಮೂರನೆಯ ಎರಡು ಪಾಲು ನೂರು ಗಜಕ್ಕೆ ಮೇಲ್ಪಟ್ಟ ಹೊಡೆತಗಳಿಂದ ಬರುವುದೆಂದು ತೋರಿಸಿದ್ದಾರೆ. ಇದು ಎಲ್ಲರ ಸರಾಸರಿಯ ಮಾತು. ತನ್ನ ಎಣಿಕೆ ಎಲ್ಲಿ ಸೋರುತ್ತಿದೆಯೆಂಬುದನ್ನು ಆಯಾ ಆಟಗಾರನೇ ಕಂಡುಕೊಳ್ಳಬೇಕು.

ಅದಕ್ಕೆ ಉಪಾಯ ಒಂದು ಚಿಕ್ಕ ಪುಸ್ತಕ. ಮೊದಲ ಹೊಡೆತ ಎಷ್ಟು ಸಲ ಪೊದೆಗೆ ಬಿತ್ತು, ಗ್ರೀನಿನ ಕಡೆಗೆ ಹೊಡೆದ ಚೆಂಡು ಎಷ್ಟು ಸಲ ಹೊರಗುಳಿಯಿತು, ಎಷ್ಟು ಗ್ರೀನುಗಳಲ್ಲಿ ಮೂರು ಪಟ್ಟುಗಳಾದುವು—ಆಟ ಮುಗಿದೊಡನೆ ಇಷ್ಟನ್ನು ಬರೆದಿಡಬೇಕು. ಐದಾರು ಆಟಗಳಾದ ಮೇಲೆ ಲೆಕ್ಕವೇ ಮಾತನಾಡುತ್ತದೆ. ಬಲ್ಲ ಹೊಡೆತವನ್ನೇ ಮತ್ತೆ ಮತ್ತೆ ಹೊಡೆದು ಹಿಗ್ಗುವುದು ಮನುಷ್ಯಸ್ವಭಾವ. ಬಾರದುದನ್ನು ನಾಲ್ವರೆದುರಿಗೆ ಕಲಿಯಲು ನಾಚಿಕೆ. ಆ ನಾಚಿಕೆಯನ್ನು ಬಿಟ್ಟು, ಪುಸ್ತಕವು ತೋರಿಸಿದ ದೋಷಕ್ಕೆ ವಾರದಲ್ಲಿ ಎರಡು ಸಲ ಅರ್ಧ ಗಂಟೆಯನ್ನು ಮೀಸಲಿಟ್ಟವನ ಶ್ರಮವು ಗೊತ್ತುಗುರಿಯಿಲ್ಲದ ಬುಟ್ಟಿಗಟ್ಟಲೆ ಹೊಡೆತಗಳಿಗಿಂತ ಹೆಚ್ಚು ಫಲ ಕೊಡುತ್ತದೆ.