ಮಾತಿಗೆ ಮೊದಲು ಉಸಿರು

"ಡಾಕ್ಟ್ರೇ, ಎದೆ ಡವಡವ ಆಗ್ತದೆ, ರಾತ್ರಿ ನಿದ್ರೆ ಬರುದಿಲ್ಲ. ಗ್ಯಾಸ್ಟ್ರಿಕ್ ಆಗಿರ್ಬೇಕು ಅಲ್ವಾ?" ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ವೈದ್ಯರಿಗೆ ಈ ದೂರು ಹೊಸತಲ್ಲ. ಇಸಿಜಿ ತೆಗೆದರೆ ಏನೂ ಇಲ್ಲ. ಹೊಟ್ಟೆಯ ಮಾತ್ರೆ ಬದಲಾಯಿಸಿದರೂ ಗುಣವಿಲ್ಲ. ಎರಡು ಮೂರು ಭೇಟಿಯಾದ ಮೇಲೆ, ಹೊರಡಲು ಎದ್ದು ನಿಂತಾಗ ನಿಜವಾದ ಮಾತು ಹೊರಬರುತ್ತದೆ: ಮಳೆಗಾಲದಲ್ಲಿ ಗುಡ್ಡ ಜರಿದದ್ದು, ಘಾಟಿಯಲ್ಲಿ ಬಸ್ಸು ಮಗುಚಿದ್ದು, ಕುಡಿದು ಬರುವ ಗಂಡನ ಹೊಡೆತ. ಎಷ್ಟೋ ಸಲ ಅದೂ ಬರುವುದಿಲ್ಲ.

ನಡೆದದ್ದು ನಡೆದು ವರ್ಷಗಳಾದರೂ ಮೈ ಅದನ್ನು ಬಿಟ್ಟಿರುವುದಿಲ್ಲ. ಕಳ್ಳ ಓಡಿಹೋದ ಮೇಲೂ ಬೊಗಳುತ್ತಲೇ ಇರುವ ನಾಯಿಯಂತೆ, ಅಪಾಯ ಕಂಡಾಗ ಎಚ್ಚರಿಸಬೇಕಾದ ಮಿದುಳಿನ ಭಾಗ ಸುಮ್ಮನಾಗುವುದನ್ನೇ ಮರೆತುಬಿಡುತ್ತದೆ. ಇಂಥ ಆಘಾತಕ್ಕೆ ಮಾತಿನ ಚಿಕಿತ್ಸೆಯೊಂದಿಗೆ ಉಸಿರು, ಆಸನ, ಸರಳ ಚಲನೆಗಳನ್ನು ಬೆಸೆದು ಆರೈಕೆ ಮಾಡುವ ಕ್ರಮವೊಂದು ಕಳೆದ ಕೆಲವು ದಶಕಗಳಲ್ಲಿ ರೂಪುಗೊಂಡಿದೆ.

ನೆರೆ, ಗೇರುತೋಟ, ಬೀಡಿ

ಬಂಟ್ವಾಳ ಪೇಟೆಯಲ್ಲಿ 1923 ಮತ್ತು 1974ರ ನೇತ್ರಾವತಿ ನೆರೆಯ ಮಾತು ಇಂದಿಗೂ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಸುತ್ತಮುತ್ತ ಘಟ್ಟದ ನೀರು ಮಣ್ಣು, ಮರ, ಬಂಡೆಗಳನ್ನು ಹೊತ್ತು ಮನೆ, ತೋಟಗಳಿಗೆ ನುಗ್ಗಿತು. ಪರಿಹಾರದ ಅರ್ಜಿಯಲ್ಲಿ ಮನೆ, ತೋಟ, ದನಗಳ ನಷ್ಟ ಬರೆಯಬಹುದು. ಮೋಡ ಕಪ್ಪಾದೊಡನೆ ಕೈ ನಡುಗುವುದನ್ನು ಬರೆಯಲು ಅಲ್ಲಿ ಕಾಲಮ್ ಇಲ್ಲ.

ಎಲ್ಲ ಆಘಾತವೂ ಒಂದು ದಿನದ್ದಲ್ಲ. ಇದೇ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗದಲ್ಲಿ ಗೇರುತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲ ಮುಗಿದು ದಶಕಗಳಾದವು. ಎದ್ದು ಓಡಾಡಲಾಗದ ಮಗನನ್ನೋ ಮಗಳನ್ನೋ ಎತ್ತಿ ಮೀಯಿಸುತ್ತಲೇ ಮುದಿಯಾದ ತಾಯಂದಿರಿಗೆ ಅದು ಮುಗಿದಿಲ್ಲ. ಮೂರೂ ತಾಲೂಕುಗಳಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸಿದ ಹೆಂಗಸರದು ಇನ್ನೊಂದು ಬಗೆ. ಮಡಿಲಲ್ಲಿ ತಡ್ಪೆ, ಬಗ್ಗಿದ ಕತ್ತು, ಸಂಜೆಯೊಳಗೆ ಬ್ರಾಂಚಿಗೆ ಮುಟ್ಟಿಸಬೇಕಾದ ಲೆಕ್ಕ. ಅಂಥವರು ಕತ್ತುನೋವೆಂದು ಬಂದಾಗ ಅದರಲ್ಲಿ ದುಡಿಮೆಯ ಪಾಲೆಷ್ಟು, ಮನೆಯೊಳಗಿನ ಭಯದ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಕೇಳಿ ಮಾಡಿಸುವ ಯೋಗ

"ಆದದ್ದನ್ನೆಲ್ಲ ಹೇಳಿಬಿಡಿ, ಹಗುರಾಗುತ್ತೀರಿ" ಎನ್ನುವುದು ನಮ್ಮ ರೂಢಿಯ ಸಲಹೆ. ಆಘಾತದ ವಿಷಯದಲ್ಲಿ ಇದು ತಿರುಗಿಬೀಳಬಹುದು. ಮೈ ಇನ್ನೂ ಹೆದರಿಕೊಂಡಿರುವಾಗ ನೆನಪನ್ನು ಕೆದಕಿದರೆ ಘಟನೆ ಮತ್ತೆ ನಡೆದಂತಾಗುತ್ತದೆ. ದುರಂತದ ಬೆನ್ನಲ್ಲೇ ಜನರನ್ನು ಕೂರಿಸಿ ಎಲ್ಲವನ್ನೂ ಹೇಳಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಚಿಕಿತ್ಸೆಯ ಹಂತಗಳನ್ನು ವಿವರಿಸುವಾಗ ಸುರಕ್ಷತೆಯನ್ನು ಮೊದಲಿಗಿಟ್ಟರು. ನೆನಪು, ಶೋಕ ಎಲ್ಲ ಆಮೇಲೆ. ಆ ಮೊದಲ ಹಂತದಲ್ಲಿ ಯೋಗ ಕೆಲಸಕ್ಕೆ ಬರುತ್ತದೆ.

ಆದರೆ ಇದು ಮೈಕು ಹಿಡಿದು "ಒಂದು, ಎರಡು, ಮೂರು" ಎಂದು ಎಣಿಸುವ ಶಿಬಿರದ ಯೋಗವಲ್ಲ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿ, ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರ ಮೂಲಕ ಜಗತ್ತಿಗೆ ಹಬ್ಬಿದ ಪರಂಪರೆಯಲ್ಲಿ ಗುರು ಹೇಳುತ್ತಾನೆ, ಕೈಯಿಟ್ಟು ತಿದ್ದುತ್ತಾನೆ. ಬಾಸ್ಟನ್ ಸಮೀಪದ ಆಘಾತ ಚಿಕಿತ್ಸಾ ಕೇಂದ್ರದಲ್ಲಿ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್, ಯೋಗ ಶಿಕ್ಷಕ ಡೇವಿಡ್ ಎಮರ್ಸನ್ ಇದೇ ಯೋಗವನ್ನು ಕೈಗೆತ್ತಿಕೊಂಡಾಗ ಮುಖ್ಯವಾಗಿ ಬದಲಾಯಿಸಿದ್ದು ಈ ಎರಡನ್ನು. ಅಲ್ಲಿ ಅಪ್ಪಣೆಯಿಲ್ಲ, ಮುಟ್ಟಿ ತಿದ್ದುವುದೂ ಇಲ್ಲ.

ಅಂಥ ಒಂದು ತರಗತಿ ಹೀಗೆ ಸಾಗುತ್ತದೆ. ಕೋಣೆಯ ಬಾಗಿಲು ಎಲ್ಲರಿಗೂ ಕಾಣುವಂತಿರುತ್ತದೆ. ಯಾರ ಬೆನ್ನ ಹಿಂದೆಯೂ ಶಿಕ್ಷಕರು ಓಡಾಡುವುದಿಲ್ಲ. ಚಾಪೆ ಬೇಡದವರಿಗೆ ಕುರ್ಚಿ. "ಕಣ್ಣು ಮುಚ್ಚಿ" ಎನ್ನುವುದಿಲ್ಲ. "ಬೇಕಿದ್ದರೆ ಮುಚ್ಚಬಹುದು, ತೆರೆದೂ ಇಡಬಹುದು" ಎನ್ನುತ್ತಾರೆ. ಪಾದ ನೆಲಕ್ಕೆ ತಾಗಿದ್ದು ಗೊತ್ತಾಗುತ್ತದೆಯೇ ಎಂದು ಗಮನಿಸುವುದು ಮೊದಲ ಪಾಠ. ಮೆಲ್ಲಗೆ ಕೈ ಮೇಲೆತ್ತುವುದು, ಎಷ್ಟು ಎತ್ತರ ಎಂಬುದು ಅವರವರಿಗೆ ಬಿಟ್ಟದ್ದು. ನಮಗೆಲ್ಲ ವಿಶ್ರಾಂತಿಯೆನಿಸುವ ಶವಾಸನವೇ ಹಿಂಸೆ ಅನುಭವಿಸಿದ ಹೆಣ್ಣಿಗೆ ಎಲ್ಲಕ್ಕಿಂತ ಭಯಾನಕವಾಗಬಹುದು. ಅಂಥವರು ಗೋಡೆಗೊರಗಿ ಕುಳಿತರೂ ಆಯಿತು. ಆಘಾತದ ಹೊತ್ತಿನಲ್ಲಿ ಅವರ ಮೈ ಅವರ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕೈ ಎಷ್ಟು ಎತ್ತಬೇಕೆಂಬ ಈ ಸಣ್ಣ ತೀರ್ಮಾನಗಳಿಂದ ಮೈಯ ಯಜಮಾನಿಕೆ ಮರಳಿ ಬರುತ್ತದೆ.

ಉಸಿರಿನದು ಸರಳ ಶರೀರಶಾಸ್ತ್ರ. ಉಸಿರು ಎಳೆದುಕೊಂಡಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮಿದುಳಿನಿಂದ ಹೃದಯಕ್ಕೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಕೆಲಸ ಅದು. ಭ್ರಾಮರಿಯಲ್ಲಿ ಗುಂಯ್‌ಗುಡುತ್ತ ಉಸಿರನ್ನು ಉದ್ದಕ್ಕೆ ಬಿಡುವಾಗ ಮೈ ತಣ್ಣಗಾಗುವುದಕ್ಕೆ ಇದೂ ಒಂದು ಕಾರಣ. ಆಪ್ತಸಮಾಲೋಚಕರ ಸರದಿ ಇದಾದ ಮೇಲೆ. ಮಾತಿನ ನಡುವೆ ಉಸಿರು ಬಿಗಿಯಾದರೆ ಕಥೆಯನ್ನು ಅಲ್ಲೇ ನಿಲ್ಲಿಸಿ ಪಾದಕ್ಕೆ, ಉಸಿರಿಗೆ ಮರಳುತ್ತಾರೆ.

ಪುರಾವೆ ಎಷ್ಟಿದೆ?

ವ್ಯಾನ್ ಡರ್ ಕೋಲ್ಕ್ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಚಿಕಿತ್ಸೆಗೆ ಜಗ್ಗದ ಆಘಾತವಿದ್ದ 64 ಮಹಿಳೆಯರಿದ್ದರು. 10 ವಾರಗಳ ಬಳಿಕ ಯೋಗ ಮಾಡಿದ ಗುಂಪಿನ ಶೇ 52ರಷ್ಟು ಮಂದಿಯಲ್ಲಿ ಕಾಯಿಲೆಯ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದವು. ಬರೀ ಆರೋಗ್ಯದ ಪಾಠ ಕೇಳಿದ ಗುಂಪಿನಲ್ಲಿ ಇದು ಶೇ 21.

ನಮ್ಮಲ್ಲಿ ಈ ದಾರಿಯಲ್ಲಿ ಮೊದಲೇ ನಡೆದದ್ದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿದರು. ನಾಲ್ಕು ವಾರಗಳಲ್ಲಿ ಚೇತರಿಸಿಕೊಂಡವರು ವಿದ್ಯುತ್ ಚಿಕಿತ್ಸೆಯಲ್ಲಿ ಶೇ 93, ಮಾತ್ರೆಯಲ್ಲಿ ಶೇ 73, ಸುದರ್ಶನ ಕ್ರಿಯೆಯಲ್ಲಿ ಶೇ 67. ಈ ಉಸಿರಾಟದ ಅಭ್ಯಾಸ ಮಾತ್ರೆಗೆ ಸಮೀಪ ಬಂತು, ಮೊದಲ ಸ್ಥಾನಕ್ಕೇನೂ ಬರಲಿಲ್ಲ. 2011ರಲ್ಲಿ ಅಲ್ಲಿಯದೇ ತಂಡ 12 ಮಂದಿ ಆರೋಗ್ಯವಂತರಿಂದ ಸ್ಕ್ಯಾನರ್‌ನೊಳಗೆ ಒಮ್ಮೆ ಓಂಕಾರ, ಇನ್ನೊಮ್ಮೆ ಬರೀ 'ಸ್‌ಸ್‌ಸ್' ಎಂಬ ಸದ್ದು ಮಾಡಿಸಿತು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದ ಚಟುವಟಿಕೆ ತಗ್ಗಿದ್ದು ಓಂಕಾರದಲ್ಲಿ ಮಾತ್ರ.

ಇವೆಲ್ಲ ಚಿಕ್ಕ ಅಧ್ಯಯನಗಳು. ಆಘಾತಕ್ಕೆ ಹೆಚ್ಚು ಪುರಾವೆಯಿರುವುದು ಅದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿಗೆ. ಯೋಗ ಅದಕ್ಕೆ ಜೊತೆಗಾರ. ಯೋಗ ಶುರುಮಾಡಿದೆನೆಂದು ಮಾತ್ರೆ ನಿಲ್ಲಿಸುವುದು ಅಪಾಯ. ಕಪಾಲಭಾತಿ, ಭಸ್ತ್ರಿಕದಂಥ ವೇಗದ ಉಸಿರಾಟ ಕೆಲವರಲ್ಲಿ ಗಾಬರಿಯನ್ನು ಹೆಚ್ಚಿಸುವುದೂ ಉಂಟು.

ಊರಲ್ಲೇ ಇರುವ ಬಂಡವಾಳ

ಈ ಸೀಮೆಗೆ ಇರುವ ಅನುಕೂಲ ರಾಜ್ಯದ ಹೆಚ್ಚಿನ ತಾಲೂಕುಗಳಿಗಿಲ್ಲ. ಧರ್ಮಸ್ಥಳದ ಶಾಂತಿವನ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ 1987ರದು. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರದು. ಮೂಡುಬಿದಿರೆಯಲ್ಲಿ ಆಳ್ವಾಸ್‌ನ ಇಂಥದೇ ಕಾಲೇಜಿದೆ. ಇಲ್ಲಿ ಓದುವ ಬಿಎನ್‌ವೈಎಸ್ ಪದವಿಯಲ್ಲಿ ಮನಶ್ಶಾಸ್ತ್ರವೂ ಪಠ್ಯ. ಮಾತು ಮತ್ತು ಮೈ ಒಂದೇ ಸೂರಿನಡಿ ಸೇರುವುದು ಹೇಗೆಂದು ತೋರಿಸುವ ಮಾದರಿಯೂ ಹತ್ತಿರದಲ್ಲಿದೆ: ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ಸಮಾಲೋಚನೆ, ಯೋಗ, ಕುಟುಂಬದವರ ಭಾಗವಹಿಸುವಿಕೆ ಜೊತೆಜೊತೆಗೆ ಸಾಗುತ್ತವೆ. ಅಲ್ಲಿ ಕುಡಿತ ಬಿಡುವವನಿಗೆ ಸಿಗುವಂಥದ್ದು ಅವನ ಕುಡಿತದಿಂದ ನೊಂದವಳಿಗೂ ಸಿಗಬೇಕು.

ಸರ್ಕಾರದ ಕಡೆಯಿಂದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ಹೆಜ್ಜೆಗೆ ಇಷ್ಟು ಸಾಕು. ಯೋಗ ಶಿಕ್ಷಕರನ್ನು ಆರಿಸುವಾಗ ಮಾತ್ರ ಒಂದು ಪ್ರಶ್ನೆ ಕೇಳಿ: "ನನಗೆ ಈ ಆಸನ ಬೇಡ ಅಂದರೆ ಏನು ಮಾಡುತ್ತೀರಿ?" ಗದರುವವರು, ಒತ್ತಾಯಿಸುವವರು ಎಷ್ಟೇ ದೊಡ್ಡ ಯೋಗಪಟುಗಳಾದರೂ ಈ ಕೆಲಸಕ್ಕೆ ತಕ್ಕವರಲ್ಲ. "ಬೇಡವಾದರೆ ಬಿಡೋಣ" ಎನ್ನುವವರ ಬಳಿ ನಿಶ್ಚಿಂತೆಯಿಂದ ಕಲಿಯಬಹುದು.