ನಿಂತ ವಾಹನದಲ್ಲಿ ರೇಡಿಯೋ

ಮಾಗಡಿ ರಸ್ತೆಯಿಂದ ಹೇರೋಹಳ್ಳಿಯ ಒಳಕ್ಕೆ ತಿರುಗಿ, ಬೆಳಗಿನ ಹೊತ್ತು ನಾಲ್ಕು ಬೀದಿ ನಡೆದು ನೋಡಿ. ಮನೆಗಳ ಮುಂದೆಯೂ ಖಾಲಿ ನಿವೇಶನಗಳಲ್ಲಿಯೂ ಬಾಡಿಗೆಯ ವ್ಯಾನುಗಳು, ಸ್ವಂತದ ಕಾರುಗಳು ಸಾಲಾಗಿ ನಿಂತಿರುತ್ತವೆ. ವಾರದ ಕೊನೆ ಬಂತೆಂದರೆ ಅವುಗಳಲ್ಲಿ ಕೆಲವು ಸಾವನದುರ್ಗಕ್ಕೋ ಮಂಚನಬೆಲೆಗೋ ಹೊರಡುತ್ತವೆ; ದೂರದ ಯಾತ್ರೆಯಾದರೆ ಧರ್ಮಸ್ಥಳಕ್ಕೆ. ಈಚೆಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೇ ಜೋಡಿಸಿದ ಕ್ಯಾಂಪರ್ ವ್ಯಾನ್ ಎಂಬ ಮನೆವಾಹನಗಳೂ ನಮ್ಮ ನಾಡಿನಲ್ಲಿ ಬಾಡಿಗೆಗೆ ದೊರೆಯುತ್ತಿವೆ. ಮನೆಯೇ ಹೊರಟ ಮೇಲೆ ರೇಡಿಯೋ ಹಿಂದುಳಿದೀತೆ? ವಾಹನವನ್ನು ಮರದ ನೆರಳಿಗೆ ನಿಲ್ಲಿಸಿ, ಎಂಜಿನ್ನು ಆರಿಸಿ, ವಿವಿಧ ಭಾರತಿಯನ್ನೋ ಕ್ರಿಕೆಟ್ ವೀಕ್ಷಕ ವಿವರಣೆಯನ್ನೋ ಕೇಳುತ್ತ ಕುಳಿತುಕೊಳ್ಳುವುದು ಸುಖದ ಮಾತೇ ಸರಿ. ಆದರೆ ಬೆಳಗಾದ ಮೇಲೆ ಬೀಗದ ಕೈ ತಿರುಗಿಸಿದರೆ 'ಕಟ ಕಟ' ಎಂಬ ಸದ್ದು ಮಾತ್ರ ಬಂದು ಎಂಜಿನ್ನು ಏಳದೆ ಹೋದರೆ? ಒಳಗೆ ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳಬೇಕಾದ ಅಜ್ಜಿಯೂ ಹಸಿದ ಮಗುವೂ ಇದ್ದು, ಮೆಕ್ಯಾನಿಕ್ಕು ಹತ್ತು ಮೈಲಿ ಆಚೆ ಇದ್ದರೆ?

ಇದಕ್ಕೆ ರೇಡಿಯೋ ಒಂದನ್ನೇ ದೂರುವುದು ನ್ಯಾಯವಲ್ಲ. ಲೆಕ್ಕ ಹಾಕಿ ನೋಡೋಣ. ಚಿಕ್ಕ ಕಾರಿನ ಬ್ಯಾಟರಿಯ ಮೈಮೇಲೆ ಸಾಮಾನ್ಯವಾಗಿ 12 ವೋಲ್ಟ್, 35 ಆಂಪಿಯರ್-ಘಂಟೆ ಎಂದು ಬರೆದಿರುತ್ತದೆ. ಡೀಸೆಲ್ ವ್ಯಾನಿನದಾದರೆ 70 ಅಥವಾ ಅದಕ್ಕೂ ಹೆಚ್ಚು. ಒಂದು ಆಂಪಿಯರ್ ಪ್ರವಾಹವನ್ನು ಒಂದು ಘಂಟೆ ಕಾಲ ಎಳೆದರೆ ಒಂದು ಆಂಪಿಯರ್-ಘಂಟೆ ವ್ಯಯವಾಯಿತೆಂದು ಅರ್ಥ. ಹದವಾದ ಧ್ವನಿಯಲ್ಲಿ ಹಾಡುವ ವಾಹನದ ರೇಡಿಯೋ ಹೆಚ್ಚು ಕಡಿಮೆ ಒಂದು ಆಂಪಿಯರ್ ಕೇಳುತ್ತದೆ. ನಾಲ್ಕು ಘಂಟೆ ಕೇಳಿದರೂ ನಾಲ್ಕೇ ಆಂಪಿಯರ್-ಘಂಟೆ. ವ್ಯಾನಿನ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ರೇಡಿಯೋ ಒಂಟಿಯಾಗಿ ಬರುವುದು ಅಪರೂಪ. ಜೊತೆಗೆ ಒಂದು ಸಣ್ಣ ಫ್ಯಾನು ಒಂದೂವರೆ ಆಂಪಿಯರ್, ಹಳೆಯ ತಂತಿಯ ಬಲ್ಬುಗಳು ಎರಡು ಸೇರಿ ಇನ್ನೊಂದು ಒಂದೂವರೆ. ಒಟ್ಟು ನಾಲ್ಕು. ಸಂಜೆ ಆರರಿಂದ ನಡುರಾತ್ರಿ ಎರಡರವರೆಗೆ ಇವು ನಡೆದರೆ 32 ಆಂಪಿಯರ್-ಘಂಟೆ ಕರಗಿತು. ಎಪ್ಪತ್ತರಲ್ಲಿ ಅರ್ಧಕ್ಕೆ ಸಮೀಪ. ಚಿಕ್ಕ ಕಾರಿಗೆ ಡಿಕ್ಕಿಯ ತುಂಬ ದೊಡ್ಡ ಸ್ಪೀಕರು ಹಾಕಿಸಿಕೊಂಡ ಯುವಕರು ಐದು ಆಂಪಿಯರ್‌ನಂತೆ ಮೂರೇ ಘಂಟೆಯಲ್ಲಿ ಅದೇ ಗತಿಗೆ ಬರುತ್ತಾರೆ. ಬ್ಯಾಟರಿ ಮೂರು ವರ್ಷ ಹಳೆಯದಾಗಿದ್ದರಂತೂ ಮೈಮೇಲೆ ಬರೆದ ಅಂಕೆಯನ್ನು ನಂಬಿ ಕೂಡುವಂತಿಲ್ಲ.

'ಅರ್ಧ ಉಳಿದಿದೆಯಲ್ಲ, ಎಂಜಿನ್ನು ಏಕೆ ಏಳಬಾರದು?' ಎಂದು ನೀವು ಕೇಳಬಹುದು. ಪ್ರಶ್ನೆ ಸಾಧುವಾದದ್ದು. ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ಭೀಮಸೇನನಂಥದು. ಅದು ಉಣ್ಣುವುದು ಒಂದೇ ತುತ್ತು, ಆದರೆ ಆ ತುತ್ತು ಬಲು ದೊಡ್ಡದು. ಇನ್ನೂರು ಆಂಪಿಯರ್‌ನಂತೆ ಮೂರು ಕ್ಷಣ ಎಳೆದರೂ ಒಟ್ಟು ವೆಚ್ಚ ಒಂದು ಆಂಪಿಯರ್-ಘಂಟೆಯ ಆರನೆಯ ಒಂದು ಪಾಲು ಮಾತ್ರ. ಕೊರತೆ ಮೊತ್ತದ್ದಲ್ಲ, ರಭಸದ್ದು. ಬ್ಯಾಟರಿ ಬಳಲಿದಂತೆ ಅದರೊಳಗಿನ ಗಂಧಕಾಮ್ಲ ನೀರಾಗುತ್ತ, ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಕಟ್ಟಿಕೊಳ್ಳುತ್ತ ಹೋಗುತ್ತದೆ. ಒಮ್ಮೆಲೆ ಹೆಚ್ಚು ಪ್ರವಾಹ ಕೇಳಿದರೆ ವೋಲ್ಟೇಜು ಕುಸಿಯುತ್ತದೆ. ಆದ್ದರಿಂದಲೇ ದೀಪ ಉರಿಯುತ್ತಿರುತ್ತದೆ, ರೇಡಿಯೋ ಹಾಡುತ್ತಿರುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ಆ ಸಲ್ಫೇಟನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಗಟ್ಟಿಯಾಗಿ, ಮತ್ತೆ ಚಾರ್ಜು ಮಾಡಿದರೂ ಪೂರ್ತಿ ಕರಗದು. ಹಲವು ಸಾವಿರ ರೂಪಾಯಿನ ಬ್ಯಾಟರಿ ಅಕಾಲದಲ್ಲಿ ಸಾಯುವುದು ಹೀಗೆ.

ಈ ಜಿಪುಣತನವೇನೂ ನಮ್ಮವರಿಗೆ ಹೊಸದಲ್ಲ. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದ ಕಾಲದಲ್ಲಿ, ವಿದ್ಯುತ್ತು ಬಾರದ ಊರುಗಳಲ್ಲಿ ರೇಡಿಯೋ ನಡೆಯಬೇಕಾದರೆ ಬ್ಯಾಟರಿಯೇ ಗತಿ. ಅದು ಬರಿದಾದರೆ ಪೇಟೆಗೆ ಹೊತ್ತು ಚಾರ್ಜು ಮಾಡಿಸಿ ತರಬೇಕು. ಅಂಥ ಮನೆಯಲ್ಲಿ ವಾರ್ತೆ ಮುಗಿದೊಡನೆ ಸ್ವಿಚ್ಚು ಆರಬೇಕಾದದ್ದೇ. ಆ ಕಾಲದ ಕವಾಟದ ರೇಡಿಯೋಗಳಿಗೆ ಕಾಯಲಿಕ್ಕೇ ವಿದ್ಯುತ್ತು ಬೇಕಾಗಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ ಆ ಖರ್ಚು ಇಲ್ಲವಾಯಿತು. ('ಬ್ಯಾಟರಿ' ಎಂಬ ಮಾತು ಮೊದಲು ಫಿರಂಗಿಗಳ ಸಾಲಿಗೆ ಇದ್ದ ಹೆಸರು. ಪಂಡಿತನ ಚಪಲ, ಹೇಳದೆ ಇರಲಾರೆ.)

ಈಗ ಮಾಡಬೇಕಾದ್ದೇನು? ಮೊದಲನೆಯದು ಬೀಗದ ಕೈಯ ವಿಚಾರ. ಅನೇಕ ವಾಹನಗಳಲ್ಲಿ 'ಆನ್' ಎಂಬುದಕ್ಕೆ ಮುಂಚೆ 'ಎಸಿಸಿ' ಎಂಬ ಒಂದು ನೆಲೆ ಇರುತ್ತದೆ. ರೇಡಿಯೋ ಅಲ್ಲಿಯೇ ಹಾಡುತ್ತದೆ. ಇನ್ನೂ ಮುಂದಕ್ಕೆ ತಿರುಗಿಸಿದರೆ ಎಂಜಿನ್ನಿಗೆ ಸಂಬಂಧಪಟ್ಟ ಎಷ್ಟೋ ಅಂಗಗಳು ಸುಮ್ಮನೆ ಪ್ರವಾಹವನ್ನು ಕುಡಿಯುತ್ತಿರುತ್ತವೆ. ಗುಂಡಿ ಒತ್ತುವ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕು ತುಳಿಯದೆ ಒಮ್ಮೆ ಮಾತ್ರ ಒತ್ತಿದರೆ ಅದೇ ನೆಲೆ. ಬಲ್ಬುಗಳನ್ನು ಎಲ್.ಇ.ಡಿ.ಗೆ ಬದಲಾಯಿಸಿ. ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರು ಒಂದನ್ನು ಕೊಳ್ಳಿ. ಎಂಜಿನ್ನು ಆರಿಸಿ ಘಂಟೆ ಕಳೆದ ಮೇಲೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ, 12.4ಕ್ಕೆ ಇಳಿದರೆ ಕಾಲು ಭಾಗ ಹೋಯಿತು, ರೇಡಿಯೋ ನಿಲ್ಲಿಸಿ, 12.2 ಎಂದರೆ ಅರ್ಧ. ರೇಡಿಯೋ ಹಾಡುತ್ತಿರುವಾಗ ನೋಡಿದರೆ ಸ್ವಲ್ಪ ಕಡಿಮೆಯೇ ತೋರಿಸೀತು.

'ನಡುನಡುವೆ ಎಂಜಿನ್ನು ಹಾಕಿದರಾಯಿತು' ಎಂಬುವರುಂಟು. ನಿಂತಲ್ಲಿ ಹತ್ತು ನಿಮಿಷ ಗುಡುಗುಡಿಸಿದರೆ ಬ್ಯಾಟರಿಗೆ ಸೇರುವುದು ಅಲ್ಪ; ಘಂಟೆಗಟ್ಟಲೆ ರಸ್ತೆಯಲ್ಲಿ ಓಡಿದರೆ ಮಾತ್ರ ಹೊಟ್ಟೆ ತುಂಬುತ್ತದೆ. ಅದಕ್ಕಿಂತ ದೊಡ್ಡದೊಂದು ಅಪಾಯವಿದೆ. ಕಿಟಕಿ ಮುಚ್ಚಿ, ಮಕ್ಕಳನ್ನು ಮಲಗಿಸಿ, ಎಂಜಿನ್ನು ನಡೆಯಲು ಬಿಟ್ಟರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲು ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ಮಲಗಿದವರು ಎಚ್ಚರಗೊಳ್ಳದೆಯೇ ಹೋಗಿಬಿಡುತ್ತಾರೆ. ಬಾಗಿಲು ಹಾಕಿದ ಷೆಡ್ಡಿನಲ್ಲಿ ಎಂಜಿನ್ನು ನಡೆಸುವುದಂತೂ ಸಲ್ಲದು. ತಾಯಂದಿರು ಇದೊಂದು ವಿಷಯದಲ್ಲಿ ಹಟ ಹಿಡಿದರೆ ಒಳ್ಳೆಯದು.

ಮನೆವಾಹನದಲ್ಲಿ ರಾತ್ರಿಯೆಲ್ಲ ಕಳೆಯುವವರಿಗೆ ಎರಡನೆಯ ಬ್ಯಾಟರಿಯೇ ಸರಿಯಾದ ಮಾರ್ಗ. ಎಂಜಿನ್ನಿನ ಬ್ಯಾಟರಿಯ ಫಲಕಗಳು ತೆಳು, ರಭಸಕ್ಕೆ ಮಾಡಿದವು; ನಿಧಾನವಾಗಿ ಬಹಳ ಹೊತ್ತು ಕೊಡಬಲ್ಲದ್ದು ದಪ್ಪ ಫಲಕದ್ದು, ನಮ್ಮ ಮನೆಗಳ ಇನ್ವರ್ಟರಿಗೆ ಇರುವಂಥ ಜಾತಿ. ಎರಡನ್ನೂ ಬರಿಯ ತಂತಿಯಿಂದ ಸೇರಿಸಿದರೆ ಎರಡೂ ಒಟ್ಟಿಗೇ ಬರಿದಾಗುತ್ತವೆ. ಎಂಜಿನ್ನು ನಡೆಯುವಾಗ ಕೂಡಿಸಿ, ನಿಂತಾಗ ಬೇರ್ಪಡಿಸುವ ರಿಲೇ ಒಂದು ನಡುವೆ ಇರಬೇಕು, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸು ಇರಬೇಕು. ಚಾರ್ಜು ಆಗುವಾಗ ಜಲಜನಕ ಹೊರಡುವುದರಿಂದ ಗಾಳಿಯಾಡುವ ಕಡೆ ಇಡಬೇಕು. ಈಚಿನ ಲಿಥಿಯಮ್ ಬ್ಯಾಟರಿಗಾದರೆ ಅದಕ್ಕೆಂದೇ ಮಾಡಿದ ಚಾರ್ಜರು ಬೇಕು. ಇದು ಬಲ್ಲವರ ಕೈಕೆಲಸ.

ನನ್ನನ್ನು ಕೇಳಿದರೆ, ಇಷ್ಟು ರಗಳೆಯೇ ಬೇಡದವರು ಶೆಲ್ಲಿನ ಟ್ರಾನ್ಸಿಸ್ಟರ್ ಒಂದನ್ನು ಚೀಲದಲ್ಲಿ ಹಾಕಿಕೊಳ್ಳಲಿ. ದಪ್ಪ ಶೆಲ್ಲು ಹಾಕಿದರೆ ಎಷ್ಟೋ ಸಂಜೆ ಹಾಡುತ್ತದೆ, ಗಾಡಿಯ ತಂಟೆಗೆ ಹೋಗುವುದಿಲ್ಲ. ಅದನ್ನು ವಾಹನದ ಒಳಮೂಲೆಯಲ್ಲಿ ಇಡಬೇಡಿ. ಉಕ್ಕಿನ ಕವಚ ಮಧ್ಯಮ ತರಂಗವನ್ನು ತಡೆಯುತ್ತದೆ. ಕಿಟಕಿಯ ಬಳಿಯೋ ಹೊರಗಿನ ಕಲ್ಲಿನ ಮೇಲೋ ಇಟ್ಟು ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿ. ಬೆಟ್ಟದ ಮರೆಯಲ್ಲಿ 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಮಸುಕಾದರೂ ಮಧ್ಯಮ ತರಂಗ ಸಿಕ್ಕೀತು.

ಇಷ್ಟಾದರೂ ಗಾಡಿ ನಿಂತುಹೋದರೆ ಇನ್ನೊಂದು ವಾಹನದ ಬ್ಯಾಟರಿಯಿಂದ ತಂತಿ ಎಳೆದುಕೊಳ್ಳಬಹುದು. ಮಾಗಡಿ ರಸ್ತೆಯಲ್ಲಿ ಲಾರಿಯವರು ಉಪಕಾರಕ್ಕೆ ನಿಲ್ಲುವುದುಂಟು. ಆದರೆ ಎಷ್ಟೋ ಲಾರಿಗಳದು 24 ವೋಲ್ಟು, ಕೇಳಿ ತಿಳಿಯದೆ ಸೇರಿಸಬೇಡಿ. ಕೆಂಪು ತಂತಿಯನ್ನು ಮೊದಲು ಸೋತ ಬ್ಯಾಟರಿಯ ಧನಕ್ಕೆ, ಆಮೇಲೆ ಒಳ್ಳೆಯದರ ಧನಕ್ಕೆ. ಕಪ್ಪನ್ನು ಒಳ್ಳೆಯದರ ಋಣಕ್ಕೆ, ಅದರ ಇನ್ನೊಂದು ತುದಿಯನ್ನು ಕೊನೆಗೆ ಸೋತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ಸೇರ್ಪಡೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಬಾಯಲ್ಲಿ ಜಲಜನಕವಿರುತ್ತದೆ. ಎಂಜಿನ್ನು ಎದ್ದ ಮೇಲೆ ಬಿಚ್ಚುವುದು ಇದೇ ಕ್ರಮದ ಹಿಂದುಮುಂದು.