ದೋಣಿಯ ಎಂಜಿನ್ ಗೇರಿಗೆ ಬೀಳದಾಗ

ಯೆರವಡೆಯಲ್ಲಿ ನೆಲೆಸಿರುವ ನಮ್ಮ ಬಾಂಧವರಿಗೆ ಮುಳಾ-ಮುಠಾ ನದಿಯು ವರ್ಷದ ಬಹುಕಾಲ ಸೇತುವೆಯ ಕೆಳಗಿನ ನೀರು ಮಾತ್ರ. ಆದರೆ 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆಯೊಳಗೆ ನೀರು ನುಗ್ಗಿದುದನ್ನು ಈ ನಗರ ಮರೆತಿಲ್ಲ. 2019ರ ಆಗಸ್ಟಿನಲ್ಲಿಯೂ ನದೀತೀರದ ತಗ್ಗಿನ ಜನರು ಮನೆ ಬಿಡಬೇಕಾಯಿತು. ಅಂಥ ದಿನ ಜನರನ್ನು ಸಾಗಿಸುವ ದೋಣಿಯ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಎಂಜಿನ್ನಿಗೂ, ಮಲ್ಪೆ-ಗಂಗೊಳ್ಳಿಗಳಲ್ಲಿ ನಮ್ಮ ಅಣ್ಣತಮ್ಮಂದಿರು ನಾಡದೋಣಿಗೆ ಕಟ್ಟುವ ಎಂಜಿನ್ನಿಗೂ ತತ್ತ್ವ ಒಂದೇ. ದೋಣಿಗೆ ಬ್ರೇಕಿಲ್ಲ, ಹಿಂದಕ್ಕೆ ಹೋಗುವ ಗೇರೇ ಅದರ ಬ್ರೇಕು. ಅದು ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಎಂಜಿನ್ನಿನಿಂದ ಕೆಳಗಿಳಿಯುವ ದಂಡವು ತನ್ನ ತುದಿಯ ಸಣ್ಣ ಹಲ್ಲುಗಾಲಿಯಿಂದ ಎರಡು ದೊಡ್ಡ ಹಲ್ಲುಗಾಲಿಗಳನ್ನು ವಿರುದ್ಧ ದಿಕ್ಕುಗಳಿಗೆ ಸದಾ ತಿರುಗಿಸುತ್ತಿರುತ್ತದೆ. ಅವುಗಳ ನಡುವೆ, ಪ್ರೊಪೆಲ್ಲರಿನ ದಂಡದ ಮೇಲೆ, ಹಲ್ಲುಳ್ಳ ಬಳೆಯೊಂದು ಸರಿದಾಡುತ್ತದೆ. ಇದೇ ಡಾಗ್ ಕ್ಲಚ್ಚು. ಅದು ಒಂದನ್ನು ಕಚ್ಚಿದರೆ ಮುನ್ನಡೆ, ಇನ್ನೊಂದನ್ನು ಕಚ್ಚಿದರೆ ಹಿನ್ನಡೆ, ನಡುವೆ ನಿಂತರೆ ನ್ಯೂಟ್ರಲ್.

ಗೇರು ಬೀಳದಿದ್ದೊಡನೆ ಕೆಳಗಿನ ಪೆಟ್ಟಿಗೆಯನ್ನು ಬಿಚ್ಚತೊಡಗುವುದು ಅವಿವೇಕ. ಪರೀಕ್ಷೆಯು ಹಿಡಿಯಿಂದ ಆರಂಭವಾಗಿ ಕೆಳಕ್ಕೆ ಇಳಿಯಬೇಕು. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿದ ಮೇಲೆಯೇ ಪ್ರೊಪೆಲ್ಲರನ್ನು ಮುಟ್ಟತಕ್ಕದ್ದು. ಅದನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ ಗೇರು ಹಾಕಿರಿ. ನ್ಯೂಟ್ರಲಿನಲ್ಲಿ ಅದು ಎರಡೂ ಕಡೆಗೆ ಸಲೀಸಾಗಿ ತಿರುಗಬೇಕು. ಗೇರಿನಲ್ಲಿ ಒಂದು ದಿಕ್ಕಿಗಾದರೂ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ತುಕ್ಕು ಹಿಡಿದ ಕೇಬಲ್ಲು, ಜಾರಿಬಿದ್ದ ಪಿನ್ನು, ಅಳತೆ ತಪ್ಪಿದ ಜೋಡಣೆಗಳನ್ನು ಮೊದಲು ನೋಡಿರಿ. ಪೆಟ್ಟಿಗೆಯನ್ನು ಇತ್ತೀಚೆಗೆ ಕಳಚಿ ಕೂಡಿಸಿದ್ದರೆ, ಗೇರಿನ ಸರಳು ಮೇಲಿನದರೊಡನೆ ಸೇರಿಲ್ಲದಿರಬಹುದು.

ಗೇರು ಬಿದ್ದೂ ಎಂಜಿನ್ ಅಬ್ಬರಿಸುತ್ತ ದೋಣಿ ಕದಲದಿದ್ದರೆ, ಪ್ರೊಪೆಲ್ಲರಿನ ಒಳಗಿನ ರಬ್ಬರು ಜಾರಿರುವ ಸಂಭವವುಂಟು. ಬಿದ್ದ ಗೇರು ತಾನಾಗಿ ಹಾರಿಬರುತ್ತಿದ್ದರೆ, ಕೇಬಲ್ಲಿನ ಅಳತೆ ಸರಿಯಿದೆಯೆಂದು ಖಚಿತಪಡಿಸಿಕೊಂಡ ಬಳಿಕ ಡಾಗಿನ ಹಲ್ಲು ಸವೆದಿದೆಯೆಂದು ಶಂಕಿಸಬೇಕು. ಪೆಟ್ಟಿಗೆಯ ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಂಡರೆ ಸೀಲಿನ ಮೂಲಕ ನೀರು ಒಳಸೇರಿದೆ. ಲೋಹದ ಚೂರುಗಳು ಕಂಡರೆ ಹಲ್ಲುಗಾಲಿಯೇ ಮುರಿಯುತ್ತಿದೆ. ಇವೆರಡೂ ಬಲ್ಲ ಮೆಕ್ಯಾನಿಕನ ಕೆಲಸ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ತುಂಬಿ, ಮೇಲಿನ ರಂಧ್ರದಲ್ಲಿ ಉಕ್ಕುವವರೆಗೆ ಹಾಕಬೇಕು. ಹಾಗಾದರೆ ಒಳಗೆ ಗಾಳಿ ಉಳಿಯದು.

ಹಲ್ಲು ಸವೆಯುವುದಕ್ಕೆ ಬಹಳ ಸಲ ನಮ್ಮ ಕೈಯೇ ಕಾರಣ. ಎಂಜಿನ್ನಿನ ವೇಗವನ್ನು ಪೂರ್ತಿ ಇಳಿಸದೆ ಗೇರು ಹಾಕುವುದು ಒಂದು ತಪ್ಪು. ಇಳಿಸಿಯೂ ಹಿಡಿಯನ್ನು ಅಂಜುತ್ತ ನಿಧಾನವಾಗಿ ಸರಿಸುವುದು ಇನ್ನೊಂದು. ನಿಧಾನವು ಮೃದುವೆಂದು ತೋರಿದರೂ, ಆಗ ಹಲ್ಲಿನ ಮೂಲೆಗಳು ಒಂದನ್ನೊಂದು ಕೊರೆಯುತ್ತವೆ. ವೇಗ ಇಳಿಸಿ, ಅರೆಕ್ಷಣ ತಾಳಿ, ಹಿಡಿಯನ್ನು ಒಂದೇ ಸಲಕ್ಕೆ ದೃಢವಾಗಿ ಸರಿಸಬೇಕು.

ಮಳೆಗಾಲದ ಮೊದಲು ರಜೆಯಲ್ಲಿ ಊರಿಗೆ ಹೋಗುವವರು ಮನೆಯ ದೋಣಿಯ ಪ್ರೊಪೆಲ್ಲರನ್ನು ಒಮ್ಮೆ ಕೈಯಿಂದ ತಿರುಗಿಸಿ ನೋಡಲಿ, ಎಣ್ಣೆಯ ಬಣ್ಣವನ್ನೂ ನೋಡಲಿ. ದಡದಲ್ಲಿ ಕಂಡ ದೋಷಕ್ಕೆ ದುರಸ್ತಿಯುಂಟು. ಅಲೆಯ ನಡುವೆ ಕಂಡುದಕ್ಕೆ ದೇವರೇ ದಿಕ್ಕು.